ಲಕ್ಷ ರೂಪಾಯಿಯ ಮಸುಕು

ನನ್ನ ಮೊಬೈಲಿನಲ್ಲಿ ಅಪ್ಪನ ಒಂದು ಫೋಟೋ ಇದೆ. ಮಸ್ಕಿಯ ನಮ್ಮ ಟೇಲರ್ ಅಂಗಡಿಯಲ್ಲಿ ನಾನೇ ತೆಗೆದದ್ದು. ಹೊಸದಾಗಿ ಕೊಂಡ 85 ಎಂಎಂ ಎಫ್/1.4 ಲೆನ್ಸು, ಫುಲ್ ಫ್ರೇಮ್ ಕ್ಯಾಮೆರಾ, ಎರಡಕ್ಕೂ ಸೇರಿ ಒಂದೂವರೆ ವರ್ಷದ ಇಎಂಐ. ಅಪ್ಪ ಮಷಿನ್ ಮುಂದೆ ಕೂತಿದ್ದಾರೆ, ಕೊರಳಲ್ಲಿ ಟೇಪು, ಮೂಗಿನ ತುದಿಗೆ ಜಾರಿದ ಕನ್ನಡಕ. ಹಿಂದೆ ಎಲ್ಲವೂ ಕರಗಿ ಬೆಣ್ಣೆಯಾಗಿದೆ. ಇನ್‌ಸ್ಟಾಗ್ರಾಮ್‌ನಲ್ಲಿ ನಾನೂರು ಚಿಲ್ಲರೆ ಲೈಕು ಬಂದವು. ಆಫೀಸಿನ ಗೆಳೆಯನೊಬ್ಬ ‘ಗುರು, ಬೊಕೆ ನೋಡು ಬೊಕೆ’ ಅಂತ ಬೆಂಕಿ ಚಿಹ್ನೆ ಮೂರು ಹಾಕಿದ.

ಅದೇ ಫೋಟೋ ಅಪ್ಪನಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಚಲೋ ಐತಿ ಬಿಡು. ಆದ್ರ ಇದ್ರಾಗ ನಮ್ಮ ಅಂಗಡಿ ಎಲ್ಲೈತೊ? ಹಿಂದೆಲ್ಲ ಹೊಗಿ ಹತ್ತಿದಂಗ ಕಾಣ್ತೈತಿ.”

ನಾನು ನಕ್ಕು ಸುಮ್ಮನಾದೆ. ಅಪ್ಪನಿಗೆ ಫೋಟೋಗ್ರಫಿ ಏನು ಗೊತ್ತು ಅಂದುಕೊಂಡೆ. ಮರುವರ್ಷ ರಸ್ತೆ ಅಗಲ ಮಾಡಿದಾಗ ಅಂಗಡಿ ಹೋಯಿತು. ಮೂವತ್ತು ವರ್ಷ ಅಪ್ಪ ಕೂತ ಜಾಗ ಅರ್ಧ ದಿನದಲ್ಲಿ ಮಣ್ಣಿನ ಗುಡ್ಡೆ. ಈಗ ನನ್ನ ಹಾರ್ಡ್‌ಡಿಸ್ಕಿನಲ್ಲಿ ಆ ಅಂಗಡಿಯ ಅರವತ್ತೆರಡು ಫೋಟೋ ಇವೆ. ಅರವತ್ತೆರಡರಲ್ಲೂ ಅಂಗಡಿ ಇಲ್ಲ.

ಹಾಗಾಗಿ ಈ ಬರಹ. ‘ಪೋರ್ಟ್ರೇಟ್‌ಗೆ ಯಾವ ಪ್ರೈಮ್ ಲೆನ್ಸ್ ತಗೊಳ್ಳಲಿ’ ಅಂತ ತಿಂಗಳಿಗೊಬ್ಬರಾದರೂ ನನ್ನನ್ನ ಕೇಳ್ತಾರೆ. ಎಲ್ಲರಿಗೂ ಯೂಟ್ಯೂಬ್ ಮೊದಲೇ ಉತ್ತರ ಹೇಳಿಕೊಟ್ಟಿರುತ್ತೆ: 85 ಎಂಎಂ, ಎಫ್/1.4, ಆಗೋದಾದ್ರೆ 1.2. ನನ್ನ ಉತ್ತರ ಬೇರೆ. ಅದನ್ನ ತಗೋಬೇಡಿ. ಯಾಕೆ ಅನ್ನೋದಕ್ಕೆ ಲೆಕ್ಕವೂ ಇದೆ, ಸಿಟ್ಟೂ ಇದೆ. ಮೊದಲು ಲೆಕ್ಕ.

ಲೆನ್ಸಿನ ಮೇಲೆ ಬರೆದಿರೋ ಎಫ್/1.4 ಅನ್ನೋದು ಒಂದು ಭಾಗಾಕಾರ. ಫೋಕಲ್ ಲೆಂತನ್ನ ಬೆಳಕು ಬರೋ ಕಿಂಡಿಯ ಅಗಲದಿಂದ ಭಾಗಿಸಿದರೆ ಬರೋ ಸಂಖ್ಯೆ. 85ನ್ನು 1.4ರಿಂದ ಭಾಗಿಸಿ: ಸುಮಾರು 61 ಮಿಲಿಮೀಟರ್ ಅಗಲದ ಕಿಂಡಿ. 50 ಎಂಎಂ ಎಫ್/1.8ರದ್ದು ಸುಮಾರು 28. ಕಿಂಡಿ ದೊಡ್ಡದಾದಷ್ಟೂ ಗಾಜು ದೊಡ್ಡದು, ತೂಕ ಜಾಸ್ತಿ, ಬೆಲೆ ಜಾಸ್ತಿ. ಕ್ಯಾನನ್‌ನ 50 ಎಂಎಂ ಎಫ್/1.8 ಎಸ್‌ಟಿಎಂ 160 ಗ್ರಾಂ ತೂಗುತ್ತೆ. 85 ಎಂಎಂ ಎಫ್/1.4 ಲೆನ್ಸುಗಳು ಅರ್ಧ ಕೆಜಿ ದಾಟುತ್ತವೆ, ಕೆಲವು ಒಂದು ಕೆಜಿಯ ಹತ್ತಿರಕ್ಕೆ ಬರುತ್ತವೆ. ಕ್ಯಾಮೆರಾ ಕಂಪನಿಗಳ 85 ಎಂಎಂ ಎಫ್/1.4ಕ್ಕೆ ಲಕ್ಷ ರೂಪಾಯಿ ಮೇಲೆಯೇ ಕೊಡಬೇಕು.

ಇಷ್ಟು ಕೊಟ್ಟಮೇಲೆ ಬೆಳಕು ಎಷ್ಟು ಜಾಸ್ತಿ ಸಿಗುತ್ತೆ? ಎಫ್/1.8ಕ್ಕಿಂತ ಎಫ್/1.4ರಲ್ಲಿ ಸುಮಾರು 1.65 ಪಟ್ಟು. ಅಂದರೆ ಒಂದು ಸ್ಟಾಪ್ ಕೂಡ ಪೂರ್ತಿ ಇಲ್ಲ. ಐಎಸ್‌ಒ 1600 ಇದ್ದದ್ದನ್ನ 2500 ಮಾಡಿದರೆ ಮುಗಿಯಿತು. ಈಗಿನ ಯಾವ ಕ್ಯಾಮೆರಾದಲ್ಲೂ ಈ ವ್ಯತ್ಯಾಸ ಕಣ್ಣಿಗೆ ಹೊಡೆಯೋದಿಲ್ಲ. ಹಾಗಾದ್ರೆ ನಾವು ಲಕ್ಷ ಕೊಡೋದು ಬೆಳಕಿಗಲ್ಲ. ಮಸುಕಿಗೆ.

ಆ ಮಸುಕಿನ ಲೆಕ್ಕವನ್ನೂ ನೋಡೋಣ. ಫುಲ್ ಫ್ರೇಮ್‌ನಲ್ಲಿ 85 ಎಂಎಂ ಹಾಕಿ, ಒಂದೂವರೆ ಮೀಟರ್ ದೂರ ನಿಂತರೆ ತಲೆ ಮತ್ತು ಭುಜ ತುಂಬುತ್ತೆ. ಎಫ್/1.4ರಲ್ಲಿ ಚೂಪಾಗಿ ಕಾಣೋ ಆಳ ಎಷ್ಟು ಗೊತ್ತಾ? ಸುಮಾರು 2.6 ಸೆಂಟಿಮೀಟರ್. ಮುಖ ಸ್ವಲ್ಪ ಓರೆಯಾದರೆ ಒಂದು ಕಣ್ಣು ಇರುತ್ತೆ, ಇನ್ನೊಂದು ಕಣ್ಣು ಇರೋದಿಲ್ಲ. ಕಿವಿಯಂತೂ ಲೆಕ್ಕಕ್ಕೇ ಇಲ್ಲ. ಅಪ್ಪನ ಆ ನಾನೂರು ಲೈಕಿನ ಫೋಟೋವನ್ನ ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು, ಫೋಕಸ್ ಕೂತಿರೋದು ಕನ್ನಡಕದ ಫ್ರೇಮಿನ ಮೇಲೆ. ಕಣ್ಣೂ ಮಸುಕು. ಫೋನಿನ ಸಣ್ಣ ಪರದೆಯಲ್ಲಿ ಯಾರಿಗೂ ಅದು ಕಂಡಿಲ್ಲ, ನನ್ನ ಗೆಳೆಯನಿಗೂ.

ಅಪ್ಪನ ಹಿಂದೆ ಎರಡು ಮೀಟರ್ ದೂರದಲ್ಲಿ ಗೋಡೆ ಇತ್ತು. ಆ ಗೋಡೆಯ ಮೇಲಿನ ಒಂದೊಂದು ಚುಕ್ಕೆಯೂ ಈ ಲೆನ್ಸಿನಲ್ಲಿ ಫೋಟೋದ ಎತ್ತರದ ಹದಿನೇಳನೇ ಒಂದು ಭಾಗದಷ್ಟು ಅಗಲದ ಬಿಲ್ಲೆಯಾಗಿ ಹರಡಿಕೊಳ್ಳುತ್ತೆ. ಅಲ್ಲಿ ಏನೇನಿತ್ತು? ಬಣ್ಣಬಣ್ಣದ ದಾರದ ರೀಲು ಚುಚ್ಚಿದ ಹಲಗೆ. ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರು. ಗುಂಡಿ ತುಂಬಿದ ಡಬ್ಬಿಗಳು. ಮೊಳೆಗೆ ನೇತುಹಾಕಿದ ಹೊಲಿದ ಅಂಗಿಗಳು, ಒಂದೊಂದಕ್ಕೂ ಸಿಕ್ಕಿಸಿದ ಚೀಟಿ. ಆ ಚೀಟಿಗಳ ಮೇಲೆ ಅಪ್ಪನ ಅಕ್ಷರ. ಎಲ್ಲಾ ಸೇರಿ ಈಗ ಹಸಿರು, ಕೆಂಪು, ಹಳದಿ ಗುಳ್ಳೆ. ಲಕ್ಷ ರೂಪಾಯಿ ಗುಳ್ಳೆ.

ಇನ್ನು ಬಿಸಿಲು. ನಮ್ಮ ಕಡೆ ಬಿಸಿಲು ಗೊತ್ತಲ್ಲ. ಅದೇ ಸಲ ಸಿಂಧನೂರಿನ ಸೋದರಮಾವನ ಹತ್ತಿರ ಹೋಗಿದ್ದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯುವಷ್ಟೂ ಭತ್ತದ ಗದ್ದೆ, ನೆತ್ತಿಯ ಮೇಲೆ ಸೂರ್ಯ. ಮಾವನನ್ನ ಬದುವಿನ ಮೇಲೆ ನಿಲ್ಲಿಸಿದೆ. ಹಳೇ ಫೋಟೋಗ್ರಾಫರುಗಳ ಒಂದು ಬಾಯಿಲೆಕ್ಕ ಇದೆ: ನಡುಬಿಸಿಲಿಗೆ ಐಎಸ್‌ಒ 100 ಇದ್ದರೆ ಎಫ್/16, ಶಟರ್ ಸೆಕೆಂಡಿನ ನೂರನೇ ಒಂದು ಭಾಗ. ಅಲ್ಲಿಂದ ಎಫ್/1.4ಕ್ಕೆ ಬಂದರೆ ಏಳು ಸ್ಟಾಪ್, ಶಟರ್ 1/12,800 ಬೇಕು. ಬಹಳಷ್ಟು ಕ್ಯಾಮೆರಾಗಳ ಮೆಕ್ಯಾನಿಕಲ್ ಶಟರ್ 1/8000ಕ್ಕೆ, ಕೆಲವದ್ದು 1/4000ಕ್ಕೆ ನಿಲ್ಲುತ್ತೆ. ಹಾಗಾಗಿ ಅಷ್ಟು ದುಡ್ಡು ಕೊಟ್ಟು ತಂದ ಕಿಂಡಿಯನ್ನ ಸಿಂಧನೂರಿನ ಮಧ್ಯಾಹ್ನದಲ್ಲಿ ಪೂರ್ತಿ ತೆರೆಯೋಕೇ ಆಗಲ್ಲ. ಇಲ್ಲಾ ಲೆನ್ಸಿನ ಮುಂದೆ ಕಪ್ಪು ಗಾಜಿನ ಫಿಲ್ಟರ್ ಹಾಕಬೇಕು. ಅದಕ್ಕೆ ಮತ್ತೆ ದುಡ್ಡು. ಬೆಳಕು ಹೆಚ್ಚು ಬರಲಿ ಅಂತ ಲೆನ್ಸು, ಬಂದ ಬೆಳಕನ್ನ ತಡೆಯೋಕೆ ಫಿಲ್ಟರು!

ನಾನು ಒದ್ದಾಡೋದನ್ನ ನೋಡಿ ಮಾವ ಕೇಳಿದ: “ಏನಪಾ ಅಳಿಯ, ಇಷ್ಟು ದೊಡ್ಡ ಮಷಿನಿಗೂ ಬಿಸಿಲು ತಡಿಯಂಗಿಲ್ಲೇನು?”

ಅಲ್ಲಿಂದ ಲಿಂಗಸುಗೂರಿಗೆ, ಅಕ್ಕನ ಮನೆಗೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ರಸ್ತೆಯ ಮೇಲಿವೆ, ಮೂರು ಕಡೆಯೂ ನನ್ನ ಲೆನ್ಸು ಒಂದೊಂದು ಪಾಠ ಕಲಿಸಿತು. ಅಕ್ಕ ಹೊಸ ಇಳಕಲ್ ಸೀರೆ ಉಟ್ಟಿದ್ದಳು, ಪೂರ್ತಿ ಸೀರೆ ಕಾಣಬೇಕು ಅಂದಳು. ಅದು ನ್ಯಾಯವೇ. ನಿಂತ ಆಳು ಪೂರ್ತಿ ಬರಬೇಕಾದರೆ 85 ಎಂಎಂಗೆ ಹದಿನಾಲ್ಕು ಅಡಿ ಹಿಂದೆ ಹೋಗಬೇಕು. ಅಕ್ಕನ ಮನೆಯ ಕೋಣೆ ಹತ್ತು ಅಡಿಗೆ ಹನ್ನೆರಡು. ನನ್ನ ಬೆನ್ನು ಗೋಡೆಗೆ ಹತ್ತಿತು, ಆಮೇಲೆ ಬಾಗಿಲಿಂದಾಚೆ ಅಂಗಳಕ್ಕೆ ಹೋದೆ, ಆಗ ಬಾಗಿಲ ಚೌಕಟ್ಟು ಅಡ್ಡ ಬಂತು. “ಹಿಂದ ಹಿಂದ ಹೋಗಿ ಚರಂಡಿಗೆ ಬಿದ್ದೀಯೊ ತಮ್ಮಾ” ಅಂದಳು ಅಕ್ಕ. ಕೊನೆಗೆ ಭಾವ ತನ್ನ ಫೋನಿನಲ್ಲಿ ತೆಗೆದರು. ಅಕ್ಕನ ವಾಟ್ಸ್ಆ್ಯಪ್ ಡಿಪಿಯಲ್ಲಿ ಇವತ್ತಿಗೂ ಇರೋದು ಆ ಫೋಟೋನೇ.

ಇದೇ ಕೆಲಸಕ್ಕೆ 50 ಎಂಎಂ ಇದ್ದಿದ್ದರೆ ಎಂಟು ಅಡಿ ಸಾಕಿತ್ತು. 35 ಇದ್ದಿದ್ದರೆ ಆರು ಅಡಿಯೊಳಗೆ ಮುಗಿಯುತ್ತಿತ್ತು. ನಮ್ಮ ಮಂದಿ ಬದುಕೋದು ಹತ್ತು ಅಡಿ ಕೋಣೆಯಲ್ಲಿ, ಆರು ಅಡಿ ಅಂಗಡಿಯಲ್ಲಿ. ಲೆನ್ಸ್ ರಿವ್ಯೂ ಮಾಡೋರು ನಿಲ್ಲೋದು ಪಾರ್ಕಿನಲ್ಲಿ. ಅವರ ಸಲಹೆ ನಮ್ಮ ಕೋಣೆಯೊಳಗೆ ಹಿಡಿಸೋದೇ ಇಲ್ಲ.

ಲೆಕ್ಕ ಇಷ್ಟು. ಈಗ ಸಿಟ್ಟು.

ವೇಗದ ಲೆನ್ಸು ಹುಟ್ಟಿದ್ದು ಮಸುಕಿಗಾಗಿ ಅಲ್ಲ. 1839ರಲ್ಲಿ ಡಾಗೆರೋಟೈಪ್ ಬಂದಾಗ ಒಂದು ಮುಖ ಮೂಡೋಕೆ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು. ಮರುವರ್ಷ, 1840ರಲ್ಲಿ, ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಜ್‌ವಾಲ್ ಸುಮಾರು ಎಫ್/3.6ರ ಲೆನ್ಸೊಂದನ್ನ ಲೆಕ್ಕ ಹಾಕಿ ರೂಪಿಸಿದ. ಕೂತವರು ಮನುಷ್ಯರ ಹಾಗೆ ಕೂರಲಿ, ಉಸಿರು ಬಿಗಿಹಿಡಿದು ಬೊಂಬೆಗಳಾಗದಿರಲಿ ಅನ್ನೋದು ಅದರ ಉಪಯೋಗ. 1975ರ ‘ಬ್ಯಾರಿ ಲಿಂಡನ್’ ಸಿನಿಮಾಕ್ಕೆ ಸ್ಟ್ಯಾನ್ಲಿ ಕುಬ್ರಿಕ್, ನಾಸಾಗಾಗಿ ಜೈಸ್ ಕಂಪನಿ ಮಾಡಿದ್ದ 50 ಎಂಎಂ ಎಫ್/0.7 ಲೆನ್ಸ್ ತಂದದ್ದು ಮೇಣದಬತ್ತಿಯ ಬೆಳಕಲ್ಲಿ ಮುಖಗಳು ಕಾಣಲಿ ಅಂತ. ಕಾಣಿಸೋದಕ್ಕೆ ಅಂತ ಬಂದ ಸಾಮಾನು ಇದು. ‘ಬೊಕೆ’ ಅನ್ನೋ ಜಪಾನಿ ಮಾತನ್ನ ಒಂದು ಅಮೆರಿಕನ್ ಫೋಟೋಗ್ರಫಿ ಪತ್ರಿಕೆ ಇಂಗ್ಲಿಷಿಗೆ ತಂದು ಪ್ರಚಾರ ಮಾಡಿದ್ದು 1997ರಲ್ಲಿ. ಅದಕ್ಕೂ ಮೊದಲು ಮಸುಕು ಇರಲಿಲ್ಲವಾ? ಇತ್ತು. ಆದರೆ ಅದನ್ನೇ ಕೊಂಡುಕೊಳ್ಳಬೇಕಾದ ಸರಕು ಅಂತ ಯಾರೂ ನಮಗೆ ಹೀಗೆ ಮಾರಿರಲಿಲ್ಲ.

ನಾವು ಯಾಕೆ ಕೊಂಡ್ವಿ? ನನ್ನನ್ನೇ ಕೇಳಿಕೊಂಡೆ. ಉತ್ತರ ಚಂದವಾಗಿಲ್ಲ.

‘ಹಿನ್ನೆಲೆ ಗಲೀಜು ಇತ್ತು, ಅದಕ್ಕೇ ಬ್ಲರ್ ಮಾಡಿದೆ’ ಅಂತೀವಿ. ಯಾವುದು ಗಲೀಜು? ಎಣ್ಣೆ ಕಲೆಯ ಸ್ವಿಚ್ ಬೋರ್ಡು, ಮೂಲೆಯಲ್ಲಿ ಒಟ್ಟಿದ ಅಕ್ಕಿ ಚೀಲ, ಪ್ಲಾಸ್ಟಿಕ್ ಕೊಡ, ಸುಣ್ಣ ಉದುರಿದ ಗೋಡೆ, ತಗಡಿನ ಶೀಟು. ಅಂದರೆ ನಾವು ಬೆಳೆದ ಮನೆ. ಪ್ಯಾರಿಸ್‌ಗೆ ಹೋದವರು ಐಫೆಲ್ ಟವರ್ ಮುಂದೆ ನಿಂತು ಎಫ್/1.4 ಹಾಕ್ತಾರಾ? ಬಾಲಿಯ ಬೀಚನ್ನ, ಇಂದಿರಾನಗರದ ಕೆಫೆಯ ಇಟ್ಟಿಗೆ ಗೋಡೆಯನ್ನ ಯಾರಾದ್ರೂ ಬ್ಲರ್ ಮಾಡಿದ್ದು ನೋಡಿದ್ದೀರಾ? ಅಲ್ಲೆಲ್ಲ ಹಿನ್ನೆಲೆ ಕಡ್ಡಾಯವಾಗಿ ಕಾಣಬೇಕು, ಇಲ್ಲಾಂದ್ರೆ ಹೋಗಿದ್ದಕ್ಕೆ ಸಾಕ್ಷಿ ಏನು? ಊರಿಗೆ ಹೋದಾಗ ಮಾತ್ರ ಅಪ್ಪ ಬೇಕು, ಅವ್ವ ಬೇಕು, ಊರು ಬೇಡ. ‘ಬೇರು’ ಅಂತ ಕ್ಯಾಪ್ಷನ್ ಹಾಕ್ತೀವಿ, ಬೇರು ಇರೋ ಮಣ್ಣನ್ನ ಅಳಿಸಿ.

ನಾನೂ ಹಾಗೇ ಮಾಡಿದ್ದೆ. ಆ ತಗಡಿನ ಅಂಗಡಿ ಆಫೀಸಿನವರಿಗೆ ಕಾಣೋದು ನನಗೆ ಬೇಕಿರಲಿಲ್ಲ. ಬೊಕೆ ಅನ್ನೋದು ಅದಕ್ಕೆ ಸಿಕ್ಕ ಮರ್ಯಾದಸ್ಥ ಹೆಸರು. ಇದನ್ನ ಒಪ್ಪಿಕೊಳ್ಳೋಕೆ ಒಂದು ಅಂಗಡಿ ನೆಲಸಮ ಆಗಬೇಕಾಯಿತು.

ಹಳೇ ಸ್ಟುಡಿಯೋದವರೂ ಹಿನ್ನೆಲೆ ಮರೆಮಾಡ್ತಿದ್ರಲ್ಲ ಅಂತ ನೀವು ಕೇಳಬಹುದು. ಹೌದು, ಪರದೆ ಇತ್ತು. ನಮ್ಮ ಅಪ್ಪ ಅವ್ವ ಮದುವೆಯಾದ ಹೊಸದರಲ್ಲಿ ಲಿಂಗಸುಗೂರಿನ ಸ್ಟುಡಿಯೋ ಒಂದರಲ್ಲಿ ತೆಗೆಸಿದ ಫೋಟೋದಲ್ಲಿ ಹಿಂದೆ ಜಲಪಾತ ಇದೆ, ಎರಡು ಹಂಸ ಇವೆ. ಆ ಪರದೆ ಸುಳ್ಳು ನಿಜ. ಆದರೆ ಅದನ್ನ ಆರಿಸಿದ್ದು ಅವರೇ. ‘ನಮಗ ಹಂಸದ್ದು ಇರ್ಲಿ’ ಅಂದದ್ದು ಅವ್ವ ಅಂತೆ, ಇವತ್ತಿಗೂ ಹೇಳಿ ನಗ್ತಾಳೆ. ನನ್ನ ಮಸುಕನ್ನ ಅಪ್ಪ ಆರಿಸಲಿಲ್ಲ. ಅವರ ಮೂವತ್ತು ವರ್ಷವನ್ನ ಅವರನ್ನ ಕೇಳದೇ ಅಳಿಸಿದ್ದು ನಾನು.

ನಮ್ಮೂರಿನ ವಿಷಯ ಬಂತು ಅಂತ ಇನ್ನೊಂದು ಮಾತು. ಮಸ್ಕಿಗೆ ಇತಿಹಾಸದ ಪುಸ್ತಕದಲ್ಲಿ ಜಾಗ ಸಿಕ್ಕಿರೋದು ಒಂದು ಬಂಡೆಯಿಂದ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಅನ್ನೋ ಎಂಜಿನಿಯರ್‌ಗೆ ಇಲ್ಲಿಯ ಗುಡ್ಡದಲ್ಲಿ ಶಾಸನ ಕಂಡಿತು. ಅದುವರೆಗೆ ಬೇರೆ ಕಡೆಯ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನೋ ಬಿರುದುಗಳಷ್ಟೇ ಸಿಕ್ಕಿದ್ದವು. ಮಸ್ಕಿಯ ಬಂಡೆ ‘ಅಶೋಕ’ ಅಂತ ಹೆಸರನ್ನೇ ಹೇಳಿತು. ಬಂಡೆ ಇವತ್ತಿಗೂ ಅದೇ ಗುಡ್ಡದಲ್ಲಿ ಇದೆ.

ಹೆಸರು ಮಸ್ಕಿಯಲ್ಲಿ ಸಿಕ್ಕಿತು. ಮುಖ ಸಿಕ್ಕಿದ್ದು ಕಲಬುರಗಿ ಜಿಲ್ಲೆಯಲ್ಲಿ, ಸನ್ನತಿ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪದ ಉತ್ಖನನದಲ್ಲಿ. ಅಲ್ಲಿಯ ಒಂದು ಕಲ್ಲಿನ ಫಲಕದಲ್ಲಿ ರಾಜ ನಿಂತಿದ್ದಾನೆ, ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕ’ ಅಂತ ಬರೆದಿದೆ. ಒಂದು ಲೆಕ್ಕಕ್ಕೆ ಪೋರ್ಟ್ರೇಟೇ ಅದು. ಶಿಲ್ಪಿ ರಾಜನೊಬ್ಬನನ್ನೇ ಕೆತ್ತಿ ಸುಮ್ಮನಾಗಲಿಲ್ಲ. ಪಕ್ಕದಲ್ಲಿ ರಾಣಿ ಇದ್ದಾಳೆ, ಚಾಮರ ಬೀಸೋರಿದ್ದಾರೆ, ಛತ್ರಿ ಹಿಡಿದವರಿದ್ದಾರೆ. ಅವನ ಕೈಗೆ ನಮ್ಮ ಯೂಟ್ಯೂಬ್ ಗುರುಗಳು ಸಿಕ್ಕಿದ್ದರೆ ಏನಾಗ್ತಿತ್ತು ಯೋಚಿಸಿ. ಅಶೋಕನ ಎಡಗಣ್ಣನ್ನ ಮಾತ್ರ ಚೂಪಾಗಿ ಕೆತ್ತಿ, ಛತ್ರಿ ಚಾಮರ ಎಲ್ಲ ಉಜ್ಜಿ ನುಣ್ಣಗೆ ಮಾಡಿ, ‘ಕ್ರೀಮಿ’ ಅಂತ ಹೇಳಿಸಿಕೊಳ್ತಿದ್ದ. ಎರಡು ಸಾವಿರ ವರ್ಷ ಆದಮೇಲೆ ನಮಗೆ ಆ ಆಸ್ಥಾನದ ಗುರುತು ಸಿಗ್ತಿರಲಿಲ್ಲ.

ಅಷ್ಟು ಹಿಂದೆ ಯಾಕೆ, ನಮ್ಮ ಟಿ. ಎಸ್. ಸತ್ಯನ್ ಅವರನ್ನ ನೋಡಿ. ಮೈಸೂರಿನ ಸತ್ಯನ್ (1923–2009) ದೊಡ್ಡವರನ್ನೂ ತೆಗೆದರು, ಬೀದಿಯ ಮಂದಿಯನ್ನೂ ತೆಗೆದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳನ್ನ ಯುನಿಸೆಫ್ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿತು. ಅವರ ಚಿತ್ರಗಳನ್ನ ಸಿಕ್ಕಾಗ ನಿಧಾನವಾಗಿ ನೋಡಿ. ಮಗು ಎಲ್ಲಿ ನಿಂತಿದೆ, ಯಾರ ಜೊತೆ ಇದೆ, ಏನು ಮಾಡ್ತಿದೆ ಅನ್ನೋದರಿಂದಲೇ ಆ ಮುಖಕ್ಕೆ ಅರ್ಥ ಬಂದಿರುತ್ತೆ.

ಈಗ ನಿಮ್ಮ ಆಕ್ಷೇಪಗಳು. ಮೊದಲನೆಯದು: ‘ಮದುವೆ ಫೋಟೋಗ್ರಾಫರ್‌ಗಳು 85 ಬಳಸ್ತಾರಲ್ಲ?’ ಬಳಸಲಿ. ಸಿಂಧನೂರಿನ ಕಲ್ಯಾಣ ಮಂಟಪದಲ್ಲಿ ವೇದಿಕೆ ಮುಂದೆ ನೂರು ಮಂದಿ ನಿಂತಿರುವಾಗ ದೂರದಿಂದ ವಧುವಿನ ಮುಖ ಹಿಡಿಯಬೇಕು, ಹಿಂದೆ ಮಿಣಮಿಣ ಸೀರಿಯಲ್ ಲೈಟು. ಅವರಿಗೆ ಅದು ಹೊಟ್ಟೆಪಾಡು, ಲೆನ್ಸು ತನ್ನ ದುಡ್ಡನ್ನ ತಾನೇ ದುಡಿಯುತ್ತೆ. ಅವರಲ್ಲೂ ಜಾಣರು ಎಫ್/1.8ರ 85 ಇಟ್ಟುಕೊಂಡಿರ್ತಾರೆ, ಅದರ ಬೆಲೆ ಅರ್ಧಕ್ಕಿಂತ ಎಷ್ಟೋ ಕಡಿಮೆ. ನಾನು ಮಾತಾಡ್ತಿರೋದು ವರ್ಷಕ್ಕೆ ಎರಡು ಸಲ ಊರಿಗೆ ಹೋಗಿ ಮನೆಯವರ ಫೋಟೋ ತೆಗೆಯೋ ನಿಮ್ಮ ಹತ್ತಿರ.

ಎರಡನೆಯದು: ‘ಹತ್ತಿರದಿಂದ ಸಣ್ಣ ಲೆನ್ಸಲ್ಲಿ ತೆಗೆದರೆ ಮೂಗು ದೊಡ್ಡದಾಗುತ್ತೆ.’ ಮೂಗು ದೊಡ್ಡದಾಗೋದು ಲೆನ್ಸಿನಿಂದಲ್ಲ, ದೂರದಿಂದ. ಒಂದೂವರೆ ಮೀಟರ್ ದೂರದಿಂದ 35ರಲ್ಲಿ ತೆಗೆದರೂ 85ರಲ್ಲಿ ತೆಗೆದರೂ ಮುಖದ ಆಕಾರ ಒಂದೇ. 35ರಲ್ಲಿ ಮುಖದ ಜೊತೆ ಮಷಿನ್ನೂ ಬರುತ್ತೆ, ಅಷ್ಟೇ ವ್ಯತ್ಯಾಸ. ಮುಖಕ್ಕೆ ಅರ್ಧ ಮೀಟರ್ ಹತ್ತಿರ ಹೋಗಿ ನುಗ್ಗಬೇಡಿ, ಮೂಗು ತನ್ನ ಪಾಡಿಗೆ ಇರುತ್ತೆ.

ಮೂರನೆಯದು: ‘ಆದ್ರೂ ಬ್ಲರ್ ಚೆನ್ನಾಗಿರುತ್ತಲ್ಲ ಬ್ರೋ?’ ಇರುತ್ತೆ. ನಿಮ್ಮ ಜೇಬಿನ ಫೋನಿನಲ್ಲೇ ಇದೆ. 2016ರಲ್ಲಿ ಐಫೋನ್ 7 ಪ್ಲಸ್ ಪೋರ್ಟ್ರೇಟ್ ಮೋಡ್ ತಂದ ಮೇಲೆ ಈಗ ಹದಿನೈದು ಸಾವಿರದ ಫೋನಿನಲ್ಲೂ ಅದು ಸಿಗುತ್ತೆ. ಬಿಟ್ಟಿ ಸಿಗೋ ಮಸುಕಿಗೆ ಲಕ್ಷ ಯಾಕೆ?

ಹಾಗಾದ್ರೆ ಏನು ತಗೋಬೇಕು? ನೇರವಾಗಿ ಹೇಳ್ತೀನಿ.

ಕ್ರಾಪ್ ಸೆನ್ಸರ್ ಕ್ಯಾಮೆರಾ ಇದ್ದರೆ 35 ಎಂಎಂ ಎಫ್/1.8 ಅಥವಾ ಎಫ್/2. ಅದು ಫುಲ್ ಫ್ರೇಮಿನ 52ರಿಂದ 56ರ ಹಾಗೆ ಕೆಲಸ ಮಾಡುತ್ತೆ. ಮನೆ, ಅಂಗಡಿ, ಗದ್ದೆ ಮೂರಕ್ಕೂ ಆಗುತ್ತೆ. ದುಡ್ಡು ತೀರಾ ಕಡಿಮೆ ಇದ್ದರೆ 50 ಎಂಎಂ ಎಫ್/1.8. ಕ್ರಾಪ್ ಕ್ಯಾಮೆರಾದಲ್ಲಿ ಅದು 75–80ರ ಹಾಗೆ, ಮುಖಕ್ಕೆ ಬಹಳ ಚೆನ್ನ, ಕೋಣೆಯೊಳಗೆ ಸ್ವಲ್ಪ ಇಕ್ಕಟ್ಟು. ಫುಲ್ ಫ್ರೇಮ್ ಇದ್ದರೆ 50 ಅಥವಾ 35, ಎಫ್/1.8. ಇವತ್ತು ಆರಿಸಿ ಅಂದರೆ ನಾನು 35 ಅಂತೀನಿ. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತೆ. ಒಳಗೆ ಬೂಷ್ಟು ಹಿಡಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ ತಗೊಳ್ಳಿ. ಉಳಿದ ದುಡ್ಡಲ್ಲಿ ಊರಿಗೆ ಇನ್ನೆರಡು ಸಲ ಹೋಗಿ ಬನ್ನಿ.

ಎಫ್/1.8ನ್ನ ಯಾವಾಗ ಪೂರ್ತಿ ತೆರೀಬೇಕು? ಬೆಳಕು ಇಲ್ಲದಾಗ. ಬೆಳಗಿನ ಜಾವ ಅವ್ವ ಒಲೆ ಮುಂದೆ ಕೂತಾಗ. ಕರೆಂಟ್ ಹೋಗಿ ಮಕ್ಕಳು ಮೇಣದಬತ್ತಿ ಸುತ್ತ ಸೇರಿದಾಗ. ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ಮೊಹರಂ ರಾತ್ರಿ, ಹಿಂದೂ ಮುಸ್ಲಿಂ ಅಂತಿಲ್ಲದೆ ಊರೆಲ್ಲ ಸೇರಿದಾಗ, ಬೆಂಕಿಯ ಬೆಳಕು ಮುಖಗಳ ಮೇಲೆ ಬಿದ್ದಾಗ. ಅಲ್ಲಿ ಎಫ್/1.8, ಶಟರ್ 1/125, ಐಎಸ್‌ಒ 3200ರಿಂದ ಶುರು ಮಾಡಿ ನೋಡಿ. ಫ್ಲ್ಯಾಶ್ ಹೊಡೆದು ಆ ಬೆಂಕಿಯನ್ನ ಕೊಲ್ಲಬೇಡಿ. ಪೆಟ್ಜ್‌ವಾಲ್ ಲೆಕ್ಕ ಹಾಕಿದ್ದು ಇಂಥ ಹೊತ್ತಿಗೆ.

ಹಗಲಲ್ಲಿ ಎಫ್/4, 5.6. ಹಿನ್ನೆಲೆ ಗಲೀಜು ಅನ್ನಿಸಿದರೆ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ, ಇಲ್ಲಾ ಕೂತುಕೊಳ್ಳಿ. ನಡುಬಿಸಿಲಿದ್ದರೆ ಬೇವಿನ ಮರದ ನೆರಳಿಗೆ ಕರೆದುಕೊಂಡು ಬನ್ನಿ, ಇಲ್ಲಾ ಬಾಗಿಲ ಹೊಸ್ತಿಲ ಒಳಗೆ ನಿಲ್ಲಿಸಿ. ಬಾಗಿಲಿಂದ ಬರೋ ಬೆಳಕಿನಷ್ಟು ಚಂದದ ಬೆಳಕು ಯಾವ ಸ್ಟುಡಿಯೋದಲ್ಲೂ ಇಲ್ಲ. ತೆಗೆಯೋಕೆ ಮೊದಲು ಅವರನ್ನೇ ಒಂದು ಮಾತು ಕೇಳಿ: ಎಲ್ಲಿ ನಿಲ್ತೀರಿ, ಏನೇನು ಕಾಣಬೇಕು? ಬಹಳ ಸಲ ಅವರ ಉತ್ತರ ನಮ್ಮ ಕಂಪೋಸಿಷನ್‌ಗಿಂತ ಸರಿಯಾಗಿರುತ್ತೆ.

ಆ 85ನ್ನ ಮಾರಿದೆ, ನಷ್ಟಕ್ಕೇ. ಈಗ ಹತ್ತಿರ ಇರೋದು ಒಂದು ಹಳೇ 35. ಅಂಗಡಿ ಹೋದಮೇಲೆ ಅಪ್ಪ ಮಷಿನನ್ನ ಮನೆಯ ಪಡಸಾಲೆಗೆ ತಂದಿಟ್ಟುಕೊಂಡಿದ್ದಾರೆ. ಹಳೇ ಗಿರಾಕಿಗಳು ಈಗಲೂ ‘ಮಾಸ್ತರ್’ ಅಂತ ಹುಡುಕಿಕೊಂಡು ಬರ್ತಾರೆ. ಕಳೆದ ದೀಪಾವಳಿಗೆ ಹೋದಾಗ ಅಲ್ಲೇ ಕೂರಿಸಿ ತೆಗೆದೆ, 35 ಎಂಎಂ, ಎಫ್/4, ಬಾಗಿಲ ಬೆಳಕು. ಫೋಟೋ ನೋಡಿ ಅಪ್ಪ ಬೆರಳಿಟ್ಟು ಎಣಿಸತೊಡಗಿದರು. “ಇದು ಕತ್ತರಿ, ನಿಮ್ಮಜ್ಜಂದು. ಇದು ಗುಂಡಿ ಡಬ್ಬಿ. ಇಲ್ಲಿ ನೋಡು, ಅಳತಿ ಪುಸ್ತಕ. ಇದ್ರಾಗ ಮಸ್ಕಿ ಅರ್ಧ ಊರಿನ ಅಳತಿ ಐತಿ.” ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅಂಗಡಿಯಾಗ ಹಿಂಗ ತೆಗದಿದ್ದು ಒಂದೂ ಇಲ್ಲೇನೊ?”

ಇಲ್ಲ. ಅರವತ್ತೆರಡು ಇವೆ, ಅಂಥದ್ದು ಒಂದೂ ಇಲ್ಲ.

ನಿಮ್ಮ ಅಪ್ಪನ ಅಂಗಡಿ ಇನ್ನೂ ನಿಂತಿದ್ದರೆ ಈ ಶನಿವಾರವೇ ಬಸ್ ಹತ್ತಿ. ಲೆನ್ಸ್ ಯಾವುದು ಅಂತ ಆಮೇಲೆ ಯೋಚಿಸಿದರಾಯಿತು, ಫೋನ್ ಇದ್ದರೂ ಸಾಕು. ಪೋರ್ಟ್ರೇಟ್ ಮೋಡ್ ಮಾತ್ರ ಆಫ್ ಮಾಡಿ.